ಕಣ ಖಾಲಿಯಾದ ಮರುದಿನ

ಕಾಫಿ ಒಣಗಿಸುವ ಕಣದ ಪಕ್ಕದಲ್ಲೇ ಮನೆಯಿದ್ದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಧೂಳಿನ ಜೊತೆಗೇ ಬಾಳುವೆ. ಚಿಕ್ಕಮಗಳೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೆರ್ರಿ, ಅಂದರೆ ಕಾಫಿ ಹಣ್ಣು, ಒಣಗಿ ಗಲಗಲ ಎನ್ನುವ ಹೊತ್ತಿಗೆ ಪ್ರತಿ ಸಲ ಕೆದಕಿದಾಗಲೂ ಸಿಪ್ಪೆಯ ಕಂದು ಹುಡಿ ಏಳುತ್ತದೆ, ಮೂಟೆ ಹೊರುವ ಜೀಪಿನ ಹಿಂದೆ ಕೆಮ್ಮಣ್ಣು ಏಳುತ್ತದೆ. ಹೆಂಚಿನ ಮನೆಯಲ್ಲಿ ಕಿಟಕಿ ಮುಚ್ಚಿದರೂ ಹೆಂಚಿನ ಸಂದುಗಳು ತೆರೆದೇ ಇರುತ್ತವೆ. ಈ ಸಲ ಕೊನೆಯ ಮೂಟೆ ಸಿಪ್ಪೆ ಬಿಡಿಸುವ ಕ್ಯೂರಿಂಗ್‌ಗೆ ಹೋದ ಮರುದಿನ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮುಂಚೆ, ಇಡೀ ಮನೆಯ ಧೂಳು ತೆಗೆದೆವು.

ಶುರು ಮಾಡಿದ್ದು ಹೊರಗಿನಿಂದ. ಕಣ ಹಾಗೇ ಬಿಟ್ಟು ಒಳಗೆ ಒರೆಸಿದರೆ ಸಂಜೆಯೊಳಗೆ ಮೊದಲಿನಂತೆಯೇ ಆಗುತ್ತದೆ. ಬೆಳಿಗ್ಗೆ 7 ಗಂಟೆಗೆ, ಇಬ್ಬನಿ ಆರುವ ಮೊದಲು, ತೆಳ್ಳಗೆ ನೀರು ಚಿಮುಕಿಸಿ ಕಡ್ಡಿ ಪೊರಕೆಯಲ್ಲಿ ಗುಡಿಸಿದರೆ ಹುಡಿ ಮೇಲೇಳದೆ ಉಂಡೆಗಟ್ಟಿ ಬರುತ್ತದೆ. ನೀರು ಹೆಚ್ಚಾದರೆ ಕೆಸರಾಗಿ ಕಾಲಿಗಂಟಿ ಒಳಗೆ ಬರುತ್ತದೆ. ಹದ ಇಷ್ಟೇ: ನೆಲದ ಬಣ್ಣ ಗಾಢವಾಗಬೇಕು, ಹೆಜ್ಜೆ ಮೂಡಬಾರದು.

ಆಮೇಲೆ ಹೆಂಚಿನ ಮಾಡಿನ ಸರದಿ. ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಿ, ಉಳಿದ ಸಾಮಾನಿನ ಮೇಲೆ ಹಳೆ ಸೀರೆ ಹೊದಿಸಿ, ಎನ್ 95 ಮಾಸ್ಕ್ ಕಟ್ಟಿಕೊಂಡೇ ಏಣಿ ಹತ್ತಬೇಕು. ಮುಖಕ್ಕೆ ಸುತ್ತಿದ ಟವೆಲ್ ದಪ್ಪ ಕಸವನ್ನಷ್ಟೇ ತಡೆಯುತ್ತದೆ. ಮಾಡು ಹೊತ್ತ ಮರಗಳಾದ ತೊಲೆ, ಪಕಾಸು, ರೀಪುಗಳನ್ನು ಪೊರಕೆಯಿಂದ ಹೊಡೆಯುವ ರೂಢಿಯೇ ಎಲ್ಲ ತೊಂದರೆಗೂ ಮೂಲ. ಹೊಡೆದಾಗ ದಪ್ಪ ಕಸ ಬೀಳುತ್ತದೆ, ನಯವಾದದ್ದು ಗಂಟೆಗಟ್ಟಲೆ ಗಾಳಿಯಲ್ಲೇ ತೇಲಿ ಒರೆಸಿಟ್ಟ ಕಪಾಟಿನ ಮೇಲೆ ಕೂರುತ್ತದೆ. ಬಿದಿರ ಗಳುವಿನ ತುದಿಗೆ ಹತ್ತಿಬಟ್ಟೆ ಸುತ್ತಿ, ನೀರಲ್ಲದ್ದಿ, ಹನಿ ತೊಟ್ಟಿಕ್ಕದಷ್ಟು ಹಿಂಡಿ, ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಮರಕ್ಕೆ ಕೆಸರು ಬಳಿದಂತಾಗುತ್ತದೆ.

ಆದರೆ ಅಡುಗೆಮನೆ ಮತ್ತು ಬಚ್ಚಲ ಒಲೆಯ ಮೇಲಿನ ಇಲ್ಲಣಕ್ಕೆ ಒದ್ದೆ ಬಟ್ಟೆ ಖಂಡಿತ ತಾಗಿಸಬಾರದು. ಅದರಲ್ಲಿರುವುದು ಸೌದೆ ಹೊಗೆಯ ಮಸಿ, ಜೊತೆಗೆ ಅಂಟು ಜಿಡ್ಡು. ನೀರು ಸೋಕಿದರೆ ಸುಣ್ಣದ ಗೋಡೆಯೊಳಕ್ಕೆ ಇಳಿದು ಮುಂದಿನ ಸುಣ್ಣದವರೆಗೂ ಕಲೆ ಹೋಗುವುದಿಲ್ಲ. ಒಣ ಬಟ್ಟೆಯನ್ನು ಗಳುವಿಗೆ ಸಡಿಲವಾಗಿ ಸುತ್ತಿ, ಬಲೆಯನ್ನು ಸುತ್ತಿಕೊಳ್ಳುವ ಹಾಗೆ ಗಳು ತಿರುಗಿಸಿದರೆ ಉದುರದೆ ಬರುತ್ತದೆ.

ಫ್ಯಾನಿಗೆ ಹಳೆ ದಿಂಬಿನ ಕವರ್ ಸಾಕು. ರೆಕ್ಕೆಗೆ ತೊಡಿಸಿ, ಎರಡೂ ಕಡೆ ಒತ್ತಿ ಹಿಡಿದು ಎಳೆದರೆ ಧೂಳು ಕವರಿನೊಳಗೇ ಉಳಿಯುತ್ತದೆ.

ಮೇಲಿನ ಕೆಲಸ ಮುಗಿದ ಕೂಡಲೇ ನೆಲಕ್ಕೆ ಕೈ ಹಾಕಲಿಲ್ಲ. ಫ್ಯಾನ್ ಹಾಕದೆ, ಓಡಾಡದೆ ಅರ್ಧ ಗಂಟೆ ಬಿಟ್ಟರೆ ತೇಲುವುದರಲ್ಲಿ ಬಹುಪಾಲು ಇಳಿಯುತ್ತದೆ. ಊಟ ಮುಗಿಸಲು ಅದೇ ಸರಿಯಾದ ಹೊತ್ತು.

ಕಪಾಟು, ಕಿಟಕಿ ಸರಳುಗಳಿಗೆ ಮೈಕ್ರೋಫೈಬರ್ ಬಟ್ಟೆ ಒಳ್ಳೆಯದು. ನಾಲ್ಕು ಮಡಿಕೆ ಮಾಡಿದರೆ ಒಂದೇ ಬಟ್ಟೆಯಲ್ಲಿ 8 ಮುಖ ಸಿಗುತ್ತವೆ; ಒಂದು ಕೊಳೆಯಾದರೆ ಮಡಿಕೆ ತಿರುಗಿಸುವುದು. ಅದನ್ನು ಒಗೆಯುವಾಗ ಬಟ್ಟೆ ಮೃದುವಾಗಲೆಂದು ಹಾಕುವ ಕಂಡೀಷನರ್ ಹಾಕಬಾರದು. ಎಳೆಗಳ ಮೇಲೆ ಪದರ ಕಟ್ಟಿ ಧೂಳು ಹಿಡಿಯುವ ಗುಣವೇ ಕುಗ್ಗುತ್ತದೆ. ಸೊಳ್ಳೆಪರದೆ ಬಡಿದ ಕಿಟಕಿಗಳದ್ದು ಬೇರೆ ಪಾಡು. ಜಾಲರಿಯ ಕಣ್ಣಲ್ಲಿ ಕಾಫಿ ಸಿಪ್ಪೆ ಸಿಕ್ಕಿಕೊಂಡು ಪ್ರತಿ ಗಾಳಿಗೂ ಒಳಗೆ ಉದುರುತ್ತಿರುತ್ತದೆ. ಬಿಚ್ಚಲು ಬರುವಂಥದ್ದನ್ನು ಬಿಚ್ಚಿ, ಒಳಬದಿಯಿಂದ ಹೊರಕ್ಕೆ ಪೈಪಿನ ನೀರು ಬಿಟ್ಟು ತೊಳೆಯಬೇಕು.

ಗುಡಿಸಲು ಹೊಸ ಹುಲ್ಲಿನ ಪೊರಕೆ ತಂದಿದ್ದೆವು. ಹೊಸ ಪೊರಕೆ ತಾನೇ ಧೂಳು ಸುರಿಸುತ್ತದೆ, ಅದು ಹುಲ್ಲಿನ ಹೂತೆನೆಯಲ್ಲವೇ. ಹೊರಗೆ ಕಲ್ಲಿಗೆ ಚೆನ್ನಾಗಿ ಬಡಿದು, ನೀರಲ್ಲಿ ಅದ್ದಿ ಜಾಲಾಡಿಸಿ, ತೆನೆ ಕೆಳಗಾಗಿ ಒಂದು ದಿನ ನೇತುಹಾಕಿದ ಮೇಲೆ ಉದುರುವುದು ಬಹಳ ಕಡಿಮೆಯಾಗುತ್ತದೆ.

ಒರೆಸಲು ಎರಡು ಬಕೆಟ್ ಬೇಕು. ಒಂದರಲ್ಲಿ 5 ಲೀಟರ್ ಶುದ್ಧ ನೀರು, ಇನ್ನೊಂದು ಹಿಂಡುವುದಕ್ಕೆ. ಕೋಣೆಗೊಮ್ಮೆ ನೀರು ಬದಲಿಸದಿದ್ದರೆ ಒಂದು ಕೋಣೆಯ ಮಣ್ಣು ಇನ್ನೊಂದಕ್ಕೆ ಹೋಗುತ್ತದೆ. ಫಿನಾಯಿಲ್ ಆಗಲಿ ಸೋಪಾಗಲಿ ಹೆಚ್ಚು ಸುರಿದರೆ ನೆಲದ ಮೇಲೆ ಅಂಟು ಪೊರೆ ಉಳಿದು, ಮರುದಿನದ ಧೂಳನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ. ರೆಡ್ ಆಕ್ಸೈಡ್ ನೆಲಕ್ಕೆ ಹೊಳಪು ಬರಲೆಂದು ತೆಂಗಿನೆಣ್ಣೆ ಸವರುವುದರಲ್ಲೂ ಇದೇ ತೊಂದರೆ. ಸವರಲೇಬೇಕೆಂದರೆ ಬಟ್ಟೆಗೆ ನಾಲ್ಕು ಹನಿ ಹಾಕಿ ತಿಕ್ಕಿ, ಬೆರಳಿಗೆ ಜಿಡ್ಡು ತಾಗದಷ್ಟು ಒಣ ಬಟ್ಟೆಯಿಂದ ಒರೆಸಿಬಿಡಬೇಕು. ಆಸಿಡ್ ಮಾತ್ರ ಆ ನೆಲದ ಹತ್ತಿರವೂ ಸುಳಿಯಬಾರದು.

ಬಿಸಿಲಿಗೆ ಹಾಕಿದ ಹಾಸಿಗೆಗಳನ್ನು 2 ಗಂಟೆಗೊಮ್ಮೆ ಮಗುಚಿ, ಸಂಜೆ ಇಬ್ಬನಿ ಇಳಿಯುವ ಮುಂಚೆ ಗಾಳಿಗೆ ಬೆನ್ನು ಕೊಟ್ಟು ಬಡಿದು ಒಳಗೆ ತಂದೆವು. ಮಳೆಗಾಲದ ತೇವವನ್ನೆಲ್ಲ ಕುಡಿದ ಮಲೆನಾಡಿನ ಹಾಸಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳುಹುಳಗಳಾದ ಡಸ್ಟ್ ಮೈಟ್‌ಗಳಿಗೆ ಹೇಳಿ ಮಾಡಿಸಿದ ಜಾಗ; ಅವಕ್ಕೆ ತೇವವೇ ಜೀವ. ಬಿಸಿಲು ತೇವ ಆರಿಸುತ್ತದೆ, ಆದರೆ ದಪ್ಪ ಹಾಸಿಗೆಯ ಒಳಗಿನ ಹುಳ ಅದರಿಂದಲೇ ಸಾಯುವುದಿಲ್ಲ. ಹೊದಿಕೆ, ದಿಂಬಿನ ಕವರುಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ಅವುಗಳಲ್ಲಿರುವ ಹುಳ ಸಾಯುತ್ತದೆ. ಹಂಡೆ ನೀರು ಇದಕ್ಕೆ ಬಹಳ ಅನುಕೂಲ. ಉಣ್ಣೆ ಕಂಬಳಿಗೆ ಈ ಬಿಸಿ ಬೇಡ, ಕುಗ್ಗುತ್ತದೆ.

ಬಾಗಿಲಲ್ಲಿ ಎರಡು ಮ್ಯಾಟ್ ಹಾಕಿದೆವು: ಜಗಲಿಯ ಮೆಟ್ಟಿಲ ಬಳಿ ಒರಟು ನಾರಿನದು, ಹೊಸ್ತಿಲೊಳಗೆ ಹತ್ತಿಯದು. ನಾರಿನದು ಒಬ್ಬರ ಎರಡೂ ಪಾದ ಎರಡೆರಡು ಸಲ ಊರುವಷ್ಟು ಉದ್ದವಿರಬೇಕು. ತೋಟದ ಬೂಟು ಜಗಲಿಯಿಂದ ಆಚೆಗೇ.

ಕತ್ತಲಾದ ಮೇಲೆ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಡ್ಡ ಬೆಳಕು ಬಿಟ್ಟು ನೋಡಿದೆವು. ನಿಂತು ನೋಡಿದರೆ ಕಾಣದ ಧೂಳೂ ಹೀಗೆ ನೆರಳು ಬೀಳಿಸಿ ಎದ್ದು ಕಾಣುತ್ತದೆ. ಮಂಚದ ಕಾಲ ಬಳಿ, ಒಂದು ಪಕಾಸಿನ ನೇರಕ್ಕೆ, ಹಿಟ್ಟಿನಷ್ಟು ನಯವಾದ ಹಳದಿ ಹುಡಿ ಚಿಟಿಕೆಯಷ್ಟು ಬಿದ್ದಿತ್ತು. ಒರೆಸಿ, ಅಲ್ಲೊಂದು ಕರಿ ಕಾಗದ ಹಾಸಿಟ್ಟೆವು. ಬೆಳಿಗ್ಗೆ ಕಾಗದದ ಮೇಲೆ ಮತ್ತೆ ಹುಡಿ. ಮೇಲೆ ಪಕಾಸಿನಲ್ಲಿ ಸೂಜಿಮೊನೆಯಂಥ ಆರು ತೂತು. ಒಳಗೆ ಹುಳ ಇನ್ನೂ ಕೊರೆಯುತ್ತಿದೆ, ಇದಕ್ಕೆ ಯಾವ ಬಟ್ಟೆಯೂ ಸಾಲದು. ತೂತುಗಳ ಸುತ್ತ ಸೀಮೆಸುಣ್ಣದ ಗುರುತು ಹಾಕಿದ್ದೇವೆ. ಮರದ ಹುಳದ ಔಷಧಿಯನ್ನು ಸಿರಿಂಜಿನಲ್ಲಿ ಪ್ರತಿ ತೂತಿಗೂ ಇಳಿಸಿ ಮೇಣ ಮೆತ್ತಬೇಕು. ಅಲ್ಲಿಯವರೆಗೆ ಮಂಚ ಎರಡಡಿ ಆಚೆಗೆ.