ಸಕ್ಕರೆ ತೋಟದ ದೊಡ್ಡ ಮನೆ

ಅಮೆರಿಕದ ಲೂಸಿಯಾನದಲ್ಲಿ ಮಿಸಿಸಿಪಿ ನದಿಯ ಪಕ್ಕದಲ್ಲೇ ವಿಟ್ನಿ ಪ್ಲಾಂಟೇಶನ್ ಇದೆ. ನ್ಯೂ ಆರ್ಲಿಯನ್ಸ್‌ನಿಂದ ಕಾರಿನಲ್ಲಿ ಒಂದು ಗಂಟೆ ದಾರಿ. ಜರ್ಮನಿಯಿಂದ ಬಂದ ಹೈಡೆಲ್ ಕುಟುಂಬ 1752ರಲ್ಲಿ ಶುರು ಮಾಡಿದ ತೋಟ. ಮೊದಲು ನೀಲಿ ಬಣ್ಣ ಕೊಡುವ ಗಿಡ ಬೆಳೆದರು, ಆಮೇಲೆ ಕಬ್ಬು. 2014ರಲ್ಲಿ ಇದು ಮ್ಯೂಸಿಯಂ ಆಯಿತು. ಇಲ್ಲಿ ಮಾಲೀಕರ ವೈಭವಕ್ಕಿಂತ ದುಡಿದ ಗುಲಾಮರ ಕತೆಯೇ ಮುಖ್ಯ. ತಂಗಿ ಹೂಸ್ಟನ್‌ನಲ್ಲಿದ್ದಾಳೆ. ಅಮ್ಮನನ್ನೂ ಕರೆದುಕೊಂಡು ಎಲ್ಲರೂ ಹೋಗಿದ್ದೆವು.

ಕಪ್ಪು ಕಲ್ಲಿನ ಗೋಡೆಯೊಂದರ ಮೇಲೆ ಇಲ್ಲಿ ದುಡಿದ 350ಕ್ಕೂ ಹೆಚ್ಚು ಜನರ ಹೆಸರು ಕೆತ್ತಿದ್ದಾರೆ. ಕೆಲವರದ್ದು ಹುಟ್ಟಿದ ಸೀಮೆ, ಗೊತ್ತಿದ್ದ ಕೆಲಸವೂ ಇದೆ. ಈ ಹೆಸರುಗಳಲ್ಲಿ ಎಷ್ಟೋ ಸಿಕ್ಕಿದ್ದು ಮಾಲೀಕರ ಆಸ್ತಿ ಪಟ್ಟಿಯಲ್ಲಿ. ದನಕರು, ಪಾತ್ರೆ ಪಡಗದ ಜೊತೆಗೆ ಮನುಷ್ಯರಿಗೂ ಬೆಲೆ ಬರೆದಿಟ್ಟಿದ್ದರು. ಅದನ್ನು ಕೇಳಿ ನನಗೆ ಮೈ ಉರಿದುಹೋಯಿತು. ಇನ್ನೊಂದು ಕಡೆ ಈ ಪ್ರಾಂತ್ಯದಲ್ಲಿ ಮೂರು ವರ್ಷ ತುಂಬುವ ಮೊದಲೇ ತೀರಿಕೊಂಡ ಸುಮಾರು 2,200 ಗುಲಾಮ ಮಕ್ಕಳ ಹೆಸರುಗಳಿವೆ. ತಂಗಿ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಅಂಗಳದಲ್ಲಿ ತುಕ್ಕು ಹಿಡಿದ ಕಬ್ಬಿಣದ ದೊಡ್ಡ ಬಾಣಲೆಗಳಿದ್ದವು. ನಾವು ಮಂಡ್ಯ ಕಡೆಯವರು. ಅಮ್ಮ ಕಂಡ ಕೂಡಲೇ, "ಇದು ಆಲೆಮನೆ ಕೊಪ್ಪರಿಗೆ ಅಲ್ವೇನೋ ಮಗಾ?" ಅಂದರು. ಹೌದು, ಕೆಲಸವೂ ಅದೇ. ಸಾಲಾಗಿ ಒಲೆ ಮೇಲೆ ಕೂರಿಸಿ, ಕುದಿಯುವ ಕಬ್ಬಿನ ಹಾಲನ್ನು ದೊಡ್ಡ ಬಾಣಲೆಯಿಂದ ಚಿಕ್ಕದಕ್ಕೆ ಸೌಟಿನಲ್ಲಿ ಮೊಗೆದು ಹಾಕಬೇಕು. ಅಲ್ಲಿ ಚಳಿಗಾಲದಲ್ಲಿ ಹಿಮ ಬಿದ್ದರೆ ಕಬ್ಬು ಹಾಳು. ಹಾಗಾಗಿ ಕಟಾವು ಶುರುವಾದರೆ ಹಗಲು ರಾತ್ರಿ ಒಲೆ ಆರುತ್ತಿರಲಿಲ್ಲ. ನಿದ್ದೆಗೆಟ್ಟ ಕೈ ಸ್ವಲ್ಪ ತಪ್ಪಿದರೂ ಮೈಯೆಲ್ಲ ಬೊಬ್ಬೆ.

ಇಷ್ಟೆಲ್ಲ ನೋಡಿದ ಮೇಲೆ ಮಾಲೀಕರ ಮನೆಗೆ ಹೋದೆವು. ಅಗಲವಾದ ಜಗಲಿ, ಚಾವಣಿಯಲ್ಲಿ ಬಣ್ಣದ ಚಿತ್ರ. ಚೆನ್ನಾಗಿಯೇ ಇದೆ. ಆದರೆ ಫೋಟೊ ತೆಗೆಯಲು ಯಾರಿಗೂ ಮನಸ್ಸು ಬರಲಿಲ್ಲ.

ಕೈಯಲ್ಲಿ ಮೊಗೆಯುವ ಈ ಕೆಲಸ ತಪ್ಪಿಸಿದವನೂ ನ್ಯೂ ಆರ್ಲಿಯನ್ಸ್‌ನವನೇ, ನಾರ್ಬರ್ಟ್ ರಿಲ್ಯೂ. ಒಂದು ಪಾತ್ರೆಯ ಆವಿಯಿಂದಲೇ ಮುಂದಿನ ಪಾತ್ರೆಯ ರಸ ಕಾಯಿಸುವ ವಿಧಾನಕ್ಕೆ 1843ರಲ್ಲಿ ಪೇಟೆಂಟ್ ಪಡೆದ. ಇವತ್ತಿಗೂ ಸಕ್ಕರೆ ಕಾರ್ಖಾನೆಗಳಲ್ಲಿ ಅದೇ ತತ್ವ. ಅಪ್ಪ ಕಾರ್ಖಾನೆಯಲ್ಲಿ ರಸ ಬತ್ತಿಸುವ ಆ ಇವಾಪರೇಟರ್ ಹತ್ತಿರವೇ ವರ್ಷಗಟ್ಟಲೆ ದುಡಿದವರು. ರಾತ್ರಿ ಫೋನ್ ಮಾಡಿ ಕೇಳಿದೆ. "ಹೆಸರು ಟ್ರೈನಿಂಗ್‌ನಲ್ಲಿ ಕೇಳಿದ್ದೆ ಕಣೋ. ಕಪ್ಪು ತಾಯಿಯ ಮಗ ಅಂತ ಯಾರೂ ಹೇಳಿರಲಿಲ್ಲ" ಅಂದರು.