ಸರ್ಕಾರದ ದುಡ್ಡಲ್ಲಿ ಇತಿಹಾಸ ಕಲಿಸಿದರೆ ಅದು ಸರ್ಕಾರದ ಇತಿಹಾಸವೇ ಆಗಿಬಿಡುತ್ತಾ?

ನಾನು ಅಮೆರಿಕದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಹೆಚ್ಚಾಗಿ ಎರಡು ವರ್ಷದ ಕೋರ್ಸುಗಳಿರುವ ಸ್ಥಳೀಯ ಕಾಲೇಜಿನಲ್ಲಿ, ಅಲ್ಲಿನ ಇತಿಹಾಸ ಪಾಠ ಮಾಡುತ್ತೇನೆ. ಈಚೆಗೆ ನೆಂಟರು, ಸ್ನೇಹಿತರು, ಹಳೆಯ ವಿದ್ಯಾರ್ಥಿಗಳು ಯಾರೇ ಸಿಕ್ಕರೂ ಕೇಳುವುದು ಒಂದೇ ಪ್ರಶ್ನೆ. "ಕಾಲೇಜಲ್ಲಿ ಇತಿಹಾಸ, ಪೌರನೀತಿ ಕಲಿಸೋದಕ್ಕೆ ಸರ್ಕಾರ ಇಷ್ಟೊಂದು ದುಡ್ಡು ಕೊಡ್ತಿದೆಯಲ್ಲ, ಇದು ಒಳ್ಳೇದೇನಾ? ದುಡ್ಡು ಕೊಟ್ಟವರು ಹೇಳಿದ್ದನ್ನೇ ಕಲಿಸಬೇಕಾಗುತ್ತೆ, ಅಲ್ವಾ?"

ಪ್ರಶ್ನೆ ಹುಟ್ಟಲು ಕಾರಣ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಶಿಕ್ಷಣ ಇಲಾಖೆ ಅಮೆರಿಕದ ಇತಿಹಾಸ ಮತ್ತು ಪೌರನೀತಿಯ ಸೆಮಿನಾರುಗಳಿಗೆಂದು 15 ಕೋಟಿ ಡಾಲರಿಗೂ ಹೆಚ್ಚು ಅನುದಾನ ಪ್ರಕಟಿಸಿತು. ಅದಕ್ಕೂ ಎರಡು ವರ್ಷದ ಹಿಂದೆ ಇದೇ ಬಾಬ್ತಿಗೆ ಇದ್ದದ್ದು ಎರಡು ಕೋಟಿ ಚಿಲ್ಲರೆ. 2026ರ ಜುಲೈ 4ಕ್ಕೆ ದೇಶಕ್ಕೆ 250 ವರ್ಷ ತುಂಬುವುದರಿಂದ ಆ ನೆಪವೂ ಕೂಡಿಕೊಂಡಿತು. ಇಷ್ಟು ದೊಡ್ಡ ಮೊತ್ತ ಒಮ್ಮೆಲೇ ಬಂದರೆ ಯಾರಿಗಾದರೂ ಅನುಮಾನ ಬರುವುದು ಸಹಜ.

ನನ್ನ ಉತ್ತರ ಇದು. ದುಡ್ಡು ಬೇಕು, ಖಂಡಿತ ಬೇಕು. ನನ್ನ ಚಿಂತೆ ಇರುವುದು ಆ ದುಡ್ಡು ಯಾವ ಕ್ಲಾಸಿಗೆ ಹೋಗುತ್ತದೆ ಅನ್ನುವುದರಲ್ಲಿ. ಮೊದಲ ವರ್ಷದ ಕಡ್ಡಾಯ ಇತಿಹಾಸದ ಕ್ಲಾಸಿಗೆ ಅದರಲ್ಲಿ ಬರುವುದು ತೀರಾ ಕಡಿಮೆ.

ಮೊದಲು ಬೇಕು ಯಾಕೆ ಅಂತ ಹೇಳಿಬಿಡುತ್ತೇನೆ. 2022ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ನಡೆದ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಪೌರನೀತಿಯಲ್ಲಿ ಚೆನ್ನಾಗಿ ಬಲ್ಲವರು ಎಂಬ ಮಟ್ಟ ಮುಟ್ಟಿದವರು ಸುಮಾರು ಶೇ. 22 ಮಾತ್ರ. ಆ ಪರೀಕ್ಷೆ 1998ರಲ್ಲಿ ಶುರುವಾದ ಮೇಲೆ ಅಂಕ ಇಳಿದದ್ದು ಅದೇ ಮೊದಲು. ಆ ಮಕ್ಕಳೇ ಮುಂದೆ ನಮ್ಮ ಕಾಲೇಜಿಗೆ ಬರುವವರು. 2021ರಲ್ಲಿ ಬಂದ ಒಂದು ವರದಿ ಶಾಲಾ ಮಕ್ಕಳ ಮೇಲೆ ಫೆಡರಲ್ ಸರ್ಕಾರ ಮಾಡುವ ಖರ್ಚಿನ ಲೆಕ್ಕ ಕೊಟ್ಟಿತ್ತು: ವಿಜ್ಞಾನ, ಗಣಿತ, ತಂತ್ರಜ್ಞಾನಕ್ಕೆ ವರ್ಷಕ್ಕೆ ತಲೆಗೆ ಸುಮಾರು 50 ಡಾಲರ್, ಪೌರನೀತಿಗೆ 5 ಸೆಂಟ್. ಕಾಲೇಜಿನ ಮಟ್ಟದಲ್ಲೂ ಕಥೆ ಬೇರೆ ಇಲ್ಲ. ವಿಜ್ಞಾನಕ್ಕೆ ಹಣ ಕೊಡುವ ರಾಷ್ಟ್ರೀಯ ಪ್ರತಿಷ್ಠಾನದ ಬಜೆಟ್ 2024ರಲ್ಲಿ ಸುಮಾರು 900 ಕೋಟಿ ಡಾಲರ್. ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ ಎಲ್ಲ ಸೇರಿದ ಮಾನವಿಕ ವಿಷಯಗಳ ರಾಷ್ಟ್ರೀಯ ನಿಧಿಯದ್ದು ಸುಮಾರು 20 ಕೋಟಿ 70 ಲಕ್ಷ. ವಿಜ್ಞಾನಕ್ಕೆ ಜಾಸ್ತಿ ಆಯ್ತು ಅಂತ ನಾನು ಹೇಳುತ್ತಿಲ್ಲ. ಈ ಕಡೆ ತೀರಾ ಕಡಿಮೆ ಅಂತ ಹೇಳುತ್ತಿದ್ದೇನೆ.

ಇನ್ನು, ಹೇಳಿಕೊಟ್ಟದ್ದನ್ನೇ ಕಲಿಸಬೇಕಾ ಅನ್ನುವ ಭಯ. ಫೆಡರಲ್ ಸರ್ಕಾರದ ಕೈಯನ್ನು ಇಲ್ಲಿ ಕಾನೂನೇ ಕಟ್ಟಿಹಾಕಿದೆ. ಶಿಕ್ಷಣ ಇಲಾಖೆಯನ್ನು ಹುಟ್ಟುಹಾಕಿದ 1979ರ ಕಾಯಿದೆಯಲ್ಲೇ, ಯಾವ ಅಧಿಕಾರಿಯೂ ಶಾಲೆ ಕಾಲೇಜುಗಳ ಪಠ್ಯಕ್ರಮವನ್ನು ನಿಯಂತ್ರಿಸುವಂತಿಲ್ಲ ಎಂದಿದೆ. ಆದರೆ ಅನುದಾನದ ಅರ್ಜಿಯಲ್ಲಿ ಆದ್ಯತೆ ಅಂತ ಒಂದು ಭಾಗ ಇರುತ್ತದೆ. ಇಂಥ ಕೆಲಸ ಮಾಡುವವರಿಗೆ ಇಷ್ಟು ಅಂಕ ಜಾಸ್ತಿ ಅಂತ ಅಲ್ಲಿ ಬರೆದಿರುತ್ತದೆ. ಇದನ್ನೇ ಕಲಿಸಿ ಅಂತ ಯಾರೂ ಹೇಳುವುದಿಲ್ಲ, ಆದರೂ ಅರ್ಜಿ ಬರೆಯುವ ಎಲ್ಲರೂ ಆ ಕಡೆಗೇ ವಾಲುತ್ತಾರೆ. 2025ರ ಸುತ್ತಿನಲ್ಲಿ ಆದ್ಯತೆ ಇದ್ದದ್ದು ಪೌರಚಿಂತನೆ, ಸಂವಿಧಾನದ ಅಧ್ಯಯನ, ಅಮೆರಿಕದ ಇತಿಹಾಸಕ್ಕೆಂದೇ ಸ್ವತಂತ್ರ ವಿಭಾಗ ಕಟ್ಟಿಕೊಂಡಿರುವ ವಿಶ್ವವಿದ್ಯಾಲಯಗಳಿಗೆ.

ರಾಜ್ಯಗಳಿಗೆ ಆ ತಡೆ ಇಲ್ಲ. ಅವು ನೇರವಾಗಿಯೇ ಹೇಳುತ್ತವೆ. ಟೆಕ್ಸಾಸ್‌ನಲ್ಲಿ ಸರ್ಕಾರಿ ವಿಶ್ವವಿದ್ಯಾಲಯದಿಂದ ಪದವಿ ಬೇಕಾದರೆ ಆರು ಕ್ರೆಡಿಟ್ ಅಮೆರಿಕದ ಇತಿಹಾಸ, ಆರು ಕ್ರೆಡಿಟ್ ಸರ್ಕಾರ ಮತ್ತು ಸಂವಿಧಾನ ಓದಲೇಬೇಕು. ಇತಿಹಾಸದಲ್ಲಿ ಮೂರು ಕ್ರೆಡಿಟ್ಟಿಗೆ ಬೇಕಾದರೆ ಟೆಕ್ಸಾಸ್ ಇತಿಹಾಸವನ್ನೇ ಓದಬಹುದು. ದಕ್ಷಿಣ ಕೆರೊಲಿನಾ 2021ರಲ್ಲಿ ತಂದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಏನೇನು ಓದಬೇಕು ಅಂತಲೇ ಪಟ್ಟಿ ಕೊಟ್ಟಿದೆ. ಸಂವಿಧಾನ ಪೂರ್ತಿ, ಸ್ವಾತಂತ್ರ್ಯ ಘೋಷಣೆ, ಗುಲಾಮರ ವಿಮೋಚನೆಯ ಘೋಷಣೆ, ಸಂವಿಧಾನದ ಪರವಾಗಿ ಆ ಕಾಲದಲ್ಲಿ ಬರೆದ ಫೆಡರಲಿಸ್ಟ್ ಪ್ರಬಂಧಗಳಲ್ಲಿ ಕನಿಷ್ಠ ಐದು, ಆಫ್ರಿಕನ್ ಅಮೆರಿಕನ್ನರ ಹೋರಾಟಕ್ಕೆ ಸೇರಿದ ಕನಿಷ್ಠ ಒಂದು ದಾಖಲೆ.

ಇದನ್ನು ಕೇಳಿದರೆ ಬಹಳ ಜನ ಮೂಗು ಮುರಿಯುತ್ತಾರೆ. ಶಾಸಕರು ಪಠ್ಯಪಟ್ಟಿ ಮಾಡುವುದೇ? ನನಗೂ ಶಾಸಕರು ಕ್ಲಾಸಿನೊಳಗೆ ಬರುವುದು ಇಷ್ಟವಿಲ್ಲ. ಆದರೆ ಈ ಪಟ್ಟಿ ನನಗೆ ಇಷ್ಟ. ಯಾಕೆ ಅಂತ ತೋರಿಸುತ್ತೇನೆ.

ವಿಮೋಚನೆಯ ಘೋಷಣೆಯನ್ನೇ ತಗೊಳ್ಳಿ. ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ದಂಗೆ ಎದ್ದು ಅಂತರ್ಯುದ್ಧ ನಡೆಯುತ್ತಿದ್ದಾಗ ಅಧ್ಯಕ್ಷ ಲಿಂಕನ್ 1863ರ ಜನವರಿ 1ರಂದು ಹೊರಡಿಸಿದ್ದು. ಕ್ಲಾಸಿಗೆ ಬರುವಾಗ ಎಲ್ಲರಿಗೂ ಗೊತ್ತಿರುವುದು ಒಂದೇ ವಾಕ್ಯ: ಲಿಂಕನ್ ಗುಲಾಮರನ್ನು ಬಿಡುಗಡೆ ಮಾಡಿದ. ಆಮೇಲೆ ಮೂಲ ದಾಖಲೆಯನ್ನು ಕೈಗೆ ಕೊಟ್ಟು ಗಟ್ಟಿಯಾಗಿ ಓದಿ ಅನ್ನುತ್ತೇನೆ. ಅರ್ಧಕ್ಕೆ ಬಂದಾಗ ಓದುವವರು ತಡವರಿಸುತ್ತಾರೆ. ದಂಗೆ ಎದ್ದ ರಾಜ್ಯಗಳ ಪಟ್ಟಿ ಬರುತ್ತದೆ. ಲೂಯಿಸಿಯಾನ ಅಂದ ಕೂಡಲೇ ಒಂದು ಕಂಸ. ಸೇಂಟ್ ಬರ್ನಾರ್ಡ್, ಪ್ಲಾಕಮಿನ್ಸ್, ಜೆಫರ್ಸನ್ ಅಂತ ಸಾಲಾಗಿ 13 ಪ್ಯಾರಿಷ್‌ಗಳ ಹೆಸರು. ಅಲ್ಲಿನ ಜಿಲ್ಲೆಗಳು ಅಂದುಕೊಳ್ಳಿ. ಇವಿಷ್ಟೂ ಬಿಟ್ಟು, ನ್ಯೂ ಆರ್ಲಿಯನ್ಸ್ ಕೂಡ ಬಿಟ್ಟು! ವರ್ಜೀನಿಯಾ ಬಂದಾಗ ಮತ್ತೆ ಕಂಸ. ವೆಸ್ಟ್ ವರ್ಜೀನಿಯಾ ಅಂತ ಗುರುತಿಸಿದ 48 ಕೌಂಟಿಗಳು ಬಿಟ್ಟು, ಇನ್ನೂ ಕೆಲವು ಕೌಂಟಿ ಬಿಟ್ಟು. ಟೆನೆಸಿಯ ಹೆಸರೇ ಇಲ್ಲ. ಕೆಂಟಕಿ, ಮೇರಿಲ್ಯಾಂಡ್, ಮಿಸೌರಿ, ಡೆಲವೇರ್ ಕೂಡ ಇಲ್ಲ.

ಆಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಇದೇನು? ಈ ಊರಿನವನಿಗೆ ಬಿಡುಗಡೆ, ಪಕ್ಕದ ಊರಿನವನಿಗೆ ಇಲ್ಲವಾ?" ಪಾಠ ಶುರುವಾಗುವುದೇ ಅಲ್ಲಿಂದ. ಬಿಟ್ಟ ಜಾಗಗಳಲ್ಲಿ ಹೆಚ್ಚಿನವು ಆಗಲೇ ಒಕ್ಕೂಟದ ಸೇನೆಯ ಕೈಯಲ್ಲಿದ್ದವು. ಕೆಂಟಕಿ, ಮೇರಿಲ್ಯಾಂಡ್‌ನಂಥ ಗಡಿಯ ರಾಜ್ಯಗಳು ಒಕ್ಕೂಟ ಬಿಟ್ಟು ಹೋಗಿರಲೇ ಇಲ್ಲ. ಲಿಂಕನ್ ಬಳಸಿದ್ದು ಸೇನಾಧಿಪತಿಯಾಗಿ ತನಗಿದ್ದ ಯುದ್ಧಕಾಲದ ಅಧಿಕಾರವನ್ನು. ಆ ಅಧಿಕಾರ ಶತ್ರುವಿನ ಕೈಯಲ್ಲಿರುವ ನೆಲಕ್ಕಷ್ಟೇ ಅನ್ವಯ. ಹಾಗಾದರೆ ಅಧ್ಯಕ್ಷನೊಬ್ಬ ಎಷ್ಟರ ಮಟ್ಟಿಗೆ ಹೋಗಬಹುದು? ಎಲ್ಲ ಕಡೆಗೂ ಅನ್ವಯವಾಗುವ ಹಾಗೆ ಮಾಡಲು ಏನು ಬೇಕಿತ್ತು? ಅದಕ್ಕೆ ಉತ್ತರ ಇಡೀ ದೇಶದಲ್ಲಿ ಗುಲಾಮಗಿರಿ ರದ್ದು ಮಾಡಿದ, ಸಂವಿಧಾನದ 1865ರ ಹದಿಮೂರನೇ ತಿದ್ದುಪಡಿ. ಅದೇ ಘೋಷಣೆಯ ಕೊನೆಯಲ್ಲಿ, ಬಿಡುಗಡೆಯಾದವರನ್ನು ಸೇನೆಗೆ ಸೇರಿಸಿಕೊಳ್ಳಲಾಗುವುದು ಎಂಬ ಸಾಲೂ ಇದೆ. ಯುದ್ಧ ಮುಗಿಯುವ ಹೊತ್ತಿಗೆ ಒಕ್ಕೂಟದ ಸೇನೆಯಲ್ಲಿ ಸುಮಾರು 1,80,000 ಕಪ್ಪು ಸೈನಿಕರು ಹೋರಾಡಿದ್ದರು. ಪಠ್ಯಪುಸ್ತಕದ ಒಂದು ವಾಕ್ಯದಲ್ಲಿ ಇದರಲ್ಲಿ ಯಾವುದೂ ಸಿಗುವುದಿಲ್ಲ.

ಶಾಸಕರು ಯಾವ ಮನಸ್ಸಿನಿಂದ ಈ ದಾಖಲೆಯನ್ನು ಪಟ್ಟಿಗೆ ಹಾಕಿದರೋ, ಕಾಗದ ಕೈಗೆ ಬಂದ ಮೇಲೆ ವಿದ್ಯಾರ್ಥಿ ಕೇಳುವ ಪ್ರಶ್ನೆಯ ಮೇಲೆ ಅವರ ಹಿಡಿತ ಇಲ್ಲ. ಪೂರ್ತಿ ಓದಿಸಿ ಅಂದರೆ ಸಾಕು. ದೇಶದ ಹೆಮ್ಮೆಯೂ ಅಲ್ಲೇ ಇದೆ, ಕೊಳಕೂ ಅಲ್ಲೇ ಇದೆ.

ಆದರೆ ಒಂದು ಷರತ್ತು. ಹೀಗೆ ಓದಿಸಲು ಹೊತ್ತು ಬೇಕು. ಇಪ್ಪತ್ತೈದು ಜನರ ಕ್ಲಾಸಿನಲ್ಲಿ ಆಗುವ ಕೆಲಸ ಇದು. ನೂರೈವತ್ತು ಜನ ಕೂತ ಹಾಲಿನಲ್ಲಿ ಆಗುವುದಿಲ್ಲ. ಬರೆದದ್ದನ್ನು ಓದಿ, ತಿದ್ದಿ, ವಾಪಸ್ ಕೊಡುವ ಮೇಷ್ಟ್ರು ಬೇಕು. ಅಮೆರಿಕದ ಮೊದಲ ವರ್ಷದ ಇತಿಹಾಸದ ಕ್ಲಾಸುಗಳನ್ನು ಬಹಳ ಕಡೆ ತಗೊಳ್ಳುವವರು ಅಡ್ಜಂಕ್ಟ್‌ಗಳು. ಅವರಿಗೆ ತಿಂಗಳ ಸಂಬಳ ಇಲ್ಲ, ಕೋರ್ಸಿಗೆ ಇಷ್ಟು ಅಂತ ಸಂಭಾವನೆ. ಮುಂದಿನ ಸೆಮೆಸ್ಟರಿನಲ್ಲಿ ಕ್ಲಾಸು ಸಿಗುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ಬೆಳಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು. ಕೂತು ಮಾತಾಡೋಣ ಅಂತ ವಿದ್ಯಾರ್ಥಿ ಬಂದರೆ ಕೂರಿಸಲು ಒಂದು ರೂಮೂ ಇರುವುದಿಲ್ಲ. ಇವರಲ್ಲಿ ಎಷ್ಟೋ ಜನ ಅದ್ಭುತವಾಗಿ ಪಾಠ ಮಾಡುತ್ತಾರೆ. ಅವರ ಕೈಯಲ್ಲಿ ಸಮಯ ಇಲ್ಲ, ಅಷ್ಟೇ.

ಕಾನೂನು ಮಾಡಿ ಹಣ ಕೊಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಪ್ರತಿ ವರ್ಷ ಸೆಪ್ಟೆಂಬರ್ 17ನ್ನು ನೋಡಬೇಕು. 1787ರಲ್ಲಿ ಸಂವಿಧಾನಕ್ಕೆ ಸಹಿ ಬಿದ್ದ ದಿನ ಅದು. ವೆಸ್ಟ್ ವರ್ಜೀನಿಯಾದ ಸೆನೆಟರ್ ರಾಬರ್ಟ್ ಬರ್ಡ್ 2004ರಲ್ಲಿ ಒಂದು ಬಜೆಟ್ ಮಸೂದೆಯೊಳಗೆ ಸೇರಿಸಿದ ಸಾಲಿನಿಂದಾಗಿ, ಫೆಡರಲ್ ಹಣ ಪಡೆಯುವ ಪ್ರತಿ ಶಾಲೆ ಕಾಲೇಜೂ ಅಂದು ಸಂವಿಧಾನದ ಬಗ್ಗೆ ಒಂದು ಕಾರ್ಯಕ್ರಮ ಮಾಡಲೇಬೇಕು. ಅದಕ್ಕೆಂದು ದುಡ್ಡು ಇಲ್ಲ. ಹಾಗಾಗಿ ಎಷ್ಟೋ ಕ್ಯಾಂಪಸ್ಸುಗಳಲ್ಲಿ ಒಂದು ಮೇಜು ಹಾಕಿ, ಜೇಬಿನಲ್ಲಿಟ್ಟುಕೊಳ್ಳುವ ಸಂವಿಧಾನದ ಪುಸ್ತಿಕೆ ಹಂಚಿ, ಒಂದು ಕ್ವಿಜ್ ಮಾಡಿ ಮುಗಿಸುತ್ತಾರೆ. ಪುಸ್ತಿಕೆ ತಗೊಂಡು ಹೋದವರು ಅದನ್ನು ತೆರೆದರಾ ಅಂತ ಕೇಳುವವರಿಲ್ಲ.

ಅದೇ ಬರ್ಡ್ 2001ರಲ್ಲಿ ತಂದ ಇನ್ನೊಂದು ಯೋಜನೆಗೆ ಹಣ ಇತ್ತು. ಶಾಲೆಗಳಲ್ಲಿ ಇತಿಹಾಸ ಕಲಿಸುವ ಮೇಷ್ಟ್ರುಗಳನ್ನು ಕಾಲೇಜಿನ ಇತಿಹಾಸಕಾರರು, ಮ್ಯೂಸಿಯಂಗಳ ಜೊತೆ ಕೂರಿಸಿ ಕಲಿಸುವ ಯೋಜನೆ ಅದು. ಸುಮಾರು ಹತ್ತು ವರ್ಷದಲ್ಲಿ ಹತ್ತಿರ ಹತ್ತಿರ 100 ಕೋಟಿ ಡಾಲರ್ ಹಂಚಿಕೆಯಾಯಿತು. ಆಮೇಲೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಹಣ ನಿಲ್ಲಿಸಿತು. ಯೋಜನೆ ಮುಗಿಯಿತು. ಮೇಷ್ಟ್ರು ಬೆಳೆಯುವುದಕ್ಕೇ ಹತ್ತು ವರ್ಷ ಬೇಕು. ಅವರು ಬೆಳೆದು ಇನ್ನೊಬ್ಬರಿಗೆ ಕಲಿಸುವ ಹೊತ್ತಿಗೆ ನಿಂತೇ ಹೋಯಿತಲ್ಲ ಅಂತ ನನಗೆ ಇವತ್ತಿಗೂ ಬೇಸರ.

ಕೊಟ್ಟ ಹಣ ಮಧ್ಯದಲ್ಲೇ ನಿಲ್ಲುವುದು ಇದಕ್ಕಿಂತ ಕೆಟ್ಟದ್ದು. ಮಾನವಿಕ ವಿಷಯಗಳ ರಾಷ್ಟ್ರೀಯ ನಿಧಿ 1965ರಿಂದ ಇದೆ. ಅಲ್ಲಿ ಅರ್ಜಿಗಳನ್ನು ಮೊದಲು ಓದುವವರು ಹೊರಗಿನ ವಿದ್ವಾಂಸರ ಸಮಿತಿಗಳು. ಆಮೇಲೆ ಕಾನೂನಿನ ಪ್ರಕಾರ 26 ಜನರ ಮಂಡಳಿ, ಕೊನೆಗೆ ನಿಧಿಯ ಅಧ್ಯಕ್ಷರ ತೀರ್ಮಾನ. ದುಡ್ಡು ಕೊಡುವವರಿಗೂ ಆರಿಸುವವರಿಗೂ ನಡುವೆ ಒಂದಷ್ಟು ದೂರ ಇರುವ ಈ ಪದ್ಧತಿಯೇ ನನಗೆ ಸರಿ ಅನಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಹೀಗೆ ಆಯ್ಕೆಯಾಗಿದ್ದ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ಒಮ್ಮೆಲೇ ರದ್ದು ಮಾಡಿದರು. ಕೆಲಸ ಅರ್ಧ ಆಗಿದ್ದವರೂ ಅದರಲ್ಲಿದ್ದರು. ಕೋರ್ಟಿಗೆ ಹೋದವರೂ ಇದ್ದಾರೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಶಿಕ್ಷಣ ಇಲಾಖೆ, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ದೇಶಗಳ ಮೂಲದ) ಮತ್ತಿತರ ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಹೆಚ್ಚಿರುವ ಕಾಲೇಜುಗಳಿಗೆ ಹೋಗುತ್ತಿದ್ದ ಸುಮಾರು 35 ಕೋಟಿ ಡಾಲರ್ ನಿಲ್ಲಿಸಿ, ಅದರಲ್ಲಿ ಒಂದು ಪಾಲನ್ನು ಇತಿಹಾಸ ಮತ್ತು ಪೌರನೀತಿಗೆ ತಿರುಗಿಸಿತು. ವಿದ್ಯಾರ್ಥಿಗಳ ಜನಾಂಗದ ಲೆಕ್ಕದ ಮೇಲೆ ಅನುದಾನ ಕೊಡುವುದು ಸಂವಿಧಾನಕ್ಕೆ ವಿರುದ್ಧ ಅನ್ನುವುದು ಇಲಾಖೆ ಕೊಟ್ಟ ಕಾರಣ.

ಆ ವಾದದ ಸರಿ ತಪ್ಪು ಕೋರ್ಟಿಗೆ ಬಿಡೋಣ. ನಾನು ನೋಡುವುದು ಹಣ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ. ಆ ಪಟ್ಟಿಯಲ್ಲಿದ್ದ ಕಾಲೇಜುಗಳಲ್ಲಿ ಕಮ್ಯುನಿಟಿ ಕಾಲೇಜುಗಳೇ ಬಹಳ. ಹಗಲು ಕೆಲಸ ಮಾಡಿ ಸಂಜೆ ಕ್ಲಾಸಿಗೆ ಬರುವವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಸಂವಿಧಾನವನ್ನು ಓದುವುದಾದರೆ ಅಲ್ಲೇ ಓದಬೇಕು. ಹೊಸ ಅನುದಾನದಲ್ಲಿ ಆದ್ಯತೆ ಇರುವ ಸ್ವತಂತ್ರ ವಿಭಾಗಗಳು ಇರುವುದು ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ.

ಆ ವಿಭಾಗಗಳ ಬಗ್ಗೆ ನನಗೆ ದ್ವೇಷ ಇಲ್ಲ. ಅರಿಜೋನಾ ಶಾಸನಸಭೆ 2016ರಲ್ಲಿ ಹಣ ಕೊಟ್ಟು ರಾಜ್ಯ ವಿಶ್ವವಿದ್ಯಾಲಯದಲ್ಲಿ ಇಂಥದ್ದೊಂದನ್ನು ಕಟ್ಟಿತು. ಫ್ಲಾರಿಡಾ 2022ರಲ್ಲಿ, ಒಹಾಯೊ 2023ರಲ್ಲಿ ಐದು ವಿಶ್ವವಿದ್ಯಾಲಯಗಳಲ್ಲಿ ಅದೇ ದಾರಿ ಹಿಡಿದವು. ಅಲ್ಲಿ ಮೂಲ ದಾಖಲೆ ಓದಿಸುತ್ತಾರೆ, ಕಾಯಂ ಹುದ್ದೆ ಕೊಡುತ್ತಾರೆ, ಕ್ಲಾಸು ಚಿಕ್ಕದಾಗಿರುತ್ತದೆ. ನಾನು ಮೇಲೆ ಕೇಳಿದ್ದೆಲ್ಲ ಅಲ್ಲಿದೆ! ಆದರೆ ಅದೇ ಕ್ಯಾಂಪಸ್ಸಿನ ಇತಿಹಾಸ ವಿಭಾಗದಲ್ಲಿ ನಿವೃತ್ತರಾದವರ ಜಾಗ ಖಾಲಿ ಬಿದ್ದಿದ್ದರೆ, ಪಕ್ಕದಲ್ಲಿ ಹೊಸದೊಂದನ್ನು ಕಟ್ಟುವುದು ಯಾಕೆ? ಹಳೆಯ ವಿಭಾಗದವರು ಒಂದೇ ಕಡೆ ವಾಲಿದ್ದಾರೆ ಅನ್ನುವುದು ಕಟ್ಟಿದವರ ಮಾತು. ಇರಬಹುದು. ಆದರೆ ಇವರಿಗೊಂದು ವಿಭಾಗ, ಅವರಿಗೊಂದು ವಿಭಾಗ ಅಂತಾದರೆ ಜಗಳ ಆಡಿ ಕಲಿಯಬೇಕಾದ ಹುಡುಗರು ಒಂದೇ ರೂಮಿನಲ್ಲಿ ಕೂರುವುದೇ ಇಲ್ಲ.

ನಿಮ್ಮ ಕಾಲೇಜಿಗೇ ಈ ಅನುದಾನ ಸಿಗುವುದಾದರೆ ತಗೋತೀರಾ ಅಂತ ಕೆಲವರು ಕೊನೆಗೆ ಕೇಳುತ್ತಾರೆ. ತಗೋತೀನಿ. ಅರ್ಜಿಯಲ್ಲಿ ಉಪನ್ಯಾಸ ಮಾಲೆ, ದೊಡ್ಡ ಅತಿಥಿಗಳು, ಬ್ಯಾನರು ಇವಕ್ಕೆ ಒಂದು ಡಾಲರೂ ಬರೆಯುವುದಿಲ್ಲ. ಬಜೆಟ್ಟಿನ ಮೊದಲ ಸಾಲಿನಲ್ಲಿ ಇಬ್ಬರು ಅಡ್ಜಂಕ್ಟ್‌ಗಳಿಗೆ ಮೂರು ವರ್ಷದ ಪೂರ್ಣಾವಧಿ ಸಂಬಳ. ಎರಡನೇ ಸಾಲಿನಲ್ಲಿ ಸಂಜೆಯ ಕ್ಲಾಸನ್ನು ಇಪ್ಪತ್ತೈದು ಜನಕ್ಕೆ ಮಿತಿಗೊಳಿಸಲು ತಗಲುವ ಖರ್ಚು. ಮೂರನೇ ವರ್ಷ ಮುಗಿದ ಮೇಲೆ ಆ ಇಬ್ಬರ ಸಂಬಳವನ್ನು ಕಾಲೇಜೇ ಕೊಡುತ್ತದೆ ಅಂತ ನಮ್ಮ ಆಡಳಿತದವರ ಕೈಯಲ್ಲಿ ಬರೆಸಿ, ಸಹಿ ಹಾಕಿಸಿ, ಆ ಪತ್ರವನ್ನೂ ಅರ್ಜಿಯ ಜೊತೆಗೇ ಕಳಿಸುತ್ತೇನೆ.