ಹಿಮ ಬಿದ್ದು ತೀರಿಕೊಂಡವನು ಹುತಾತ್ಮನಾ?

ನಾನು ಸೇನೆಯಲ್ಲಿದ್ದವನು, ಒಂದು ಸಲ ಸಿಯಾಚಿನ್ ಹಿಮನದಿಗೂ ಹೋಗಿಬಂದವನು ಅಂತ ಗೊತ್ತಾದರೆ ಸಾಕು, ಜನ ಹನುಮಂತಪ್ಪ ಕೊಪ್ಪದ ಅವರ ಮಾತು ತೆಗೆಯುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ: "ತಪ್ಪು ತಿಳ್ಕೋಬೇಡಿ ಸರ್, ಅಲ್ಲಿ ಯುದ್ಧ ಏನೂ ನಡೀತಿರಲಿಲ್ಲ ಅಲ್ವಾ? ಹಿಮ ಬಿದ್ದು ತೀರಿಕೊಂಡವರನ್ನ ಹುತಾತ್ಮ ಅನ್ನೋದು ಸರೀನಾ?"

ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಕೂರಿಸಿಕೊಂಡು ಹೇಳುತ್ತೇನೆ.

ನಡೆದದ್ದು ಇಷ್ಟು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟ್ ಮೇಲೆ ಹಿಮ ಕುಸಿಯಿತು. 19,000 ಅಡಿಗೂ ಎತ್ತರದ ಜಾಗ ಅದು. ಅಲ್ಲಿದ್ದವರು 19ನೇ ಮದ್ರಾಸ್ ಬೆಟಾಲಿಯನ್‌ನ ಹತ್ತು ಜನ. ಕಲ್ಲಿನಷ್ಟು ಗಟ್ಟಿಯಾದ ಹಿಮವನ್ನು ಹಗಲೂ ರಾತ್ರಿ ಕತ್ತರಿಸುತ್ತಾ ಹೋದವರಿಗೆ, ಆರನೇ ದಿನ, ಸುಮಾರು 25 ಅಡಿ ಆಳದಲ್ಲಿ ಲ್ಯಾನ್ಸ್ ನಾಯಕ್ ಹನುಮಂತಪ್ಪ ಉಸಿರಾಡುತ್ತಾ ಸಿಕ್ಕರು. ಧಾರವಾಡ ಜಿಲ್ಲೆಯ ಬೆಟದೂರಿನವರು, ವಯಸ್ಸು 33. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ತೀರಿಕೊಂಡರು. ಉಳಿದ ಒಂಬತ್ತು ಜನ ಹಿಮದಡಿಯಲ್ಲೇ ಹೋಗಿದ್ದರು. ಅವರಲ್ಲಿ ಇಬ್ಬರು ನಮ್ಮ ಕರ್ನಾಟಕದವರೇ, ಹಾಸನದ ಸುಬೇದಾರ್ ನಾಗೇಶ ಮತ್ತು ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ. ಈ ಎರಡು ಹೆಸರು ಎಷ್ಟು ಜನಕ್ಕೆ ನೆನಪಿದೆ? ಪ್ರಶ್ನೆ ಕೇಳಿದವರನ್ನು ನಾನು ಇದನ್ನೇ ಕೇಳುತ್ತೇನೆ, ಸುಮ್ಮನಾಗುತ್ತಾರೆ.

ಇನ್ನು ಪದದ ವಿಷಯ. 'ಹುತಾತ್ಮ' ಅನ್ನುವುದು ಸೇನೆಯ ಕಡತದಲ್ಲಿ ಇರುವ ಪದವೇ ಅಲ್ಲ, ಸರ್ಕಾರವೇ ಸಂಸತ್ತಿನಲ್ಲಿ ಹಾಗೆ ಹೇಳಿದೆ. ಕಡತದಲ್ಲಿ ಬರೆಯುವುದು 'ಬ್ಯಾಟಲ್ ಕ್ಯಾಶುವಾಲ್ಟಿ' (ಯುದ್ಧ ಇಲ್ಲವೇ ಕಾರ್ಯಾಚರಣೆಯಲ್ಲಿ ಆದ ಸಾವುನೋವು) ಅಥವಾ 'ಫಿಸಿಕಲ್ ಕ್ಯಾಶುವಾಲ್ಟಿ' (ಬೇರೆ ಕಾರಣಕ್ಕೆ ಆದದ್ದು) ಅಂತ. ಮನೆಯವರ ಪಿಂಚಣಿ ಲೆಕ್ಕವೂ ಅದರ ಮೇಲೇ ನಿಂತಿದೆ. ಹನುಮಂತಪ್ಪನವರಿಗೆ ಮರಣೋತ್ತರವಾಗಿ ಸೇನಾ ಪದಕ ಕೊಟ್ಟರು. ಗುಂಡು ಹಾರಲಿಲ್ಲ ಅಂತ ಅದೇನೂ ನಿಲ್ಲಲಿಲ್ಲ.

ಆದರೆ ನನಗೆ ಹೇಳಬೇಕಾಗಿರುವುದು ಕಡತದ ಮಾತಲ್ಲ.

1984ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ಆ ಹಿಮನದಿಯ ಮೇಲೆ ನೆಲೆ ಹೂಡಿತು. 2003ರ ನವೆಂಬರ್‌ನಿಂದ ಅಲ್ಲಿ ಪಾಕಿಸ್ತಾನದ ಜೊತೆ ಕದನ ವಿರಾಮ. ಮೊದಲಿನಿಂದಲೂ ಅಲ್ಲಿ ಗುಂಡಿಗಿಂತ ಚಳಿಗೆ, ಹಿಮಕ್ಕೆ, ಗಾಳಿ ಸಾಲದೆ ಸತ್ತವರೇ ಜಾಸ್ತಿ. ಅಲ್ಲಿ ದಿನದ ಕೆಲಸ ಅಂದರೆ ಏನು ಗೊತ್ತಾ? ಬಿದ್ದ ಹಿಮವನ್ನು ಸಲಿಕೆಯಲ್ಲಿ ಎತ್ತಿ ಹಾಕುವುದು, ಮತ್ತೆ ಬೀಳುತ್ತದೆ, ಮತ್ತೆ ಎತ್ತುವುದು. ಬಿಟ್ಟರೆ ಬೆಳಗಾಗುವಷ್ಟರಲ್ಲಿ ಟೆಂಟೇ ಹೂತುಹೋಗುತ್ತದೆ. ನಡೆಯುವಾಗ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡೇ ನಡೆಯಬೇಕು, ಯಾಕಂದರೆ ಕಾಲ ಕೆಳಗೆ ಹಿಮದ ತೆಳು ಪದರ ಮುಚ್ಚಿದ ಬಿರುಕು ಯಾವಾಗ ಬಾಯಿ ತೆರೆಯುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಬರಿಗೈಯಲ್ಲಿ ಬಂದೂಕು ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಸೀಮೆಎಣ್ಣೆ ಸ್ಟೋವಿನ ಮಸಿ ಕುಡಿದು ಕುಡಿದು ಉಗುಳಿದರೆ ಕಪ್ಪಗೆ ಬರುತ್ತದೆ. ಇದೆಲ್ಲ ಗೊತ್ತಿದ್ದೇ ಜನ ಹತ್ತುತ್ತಾರೆ. ಹನುಮಂತಪ್ಪ 13 ವರ್ಷದ ಸೇವೆಯಲ್ಲಿ 10 ವರ್ಷ ಕಷ್ಟದ ಜಾಗಗಳಲ್ಲೇ ಇದ್ದವರು. ಆರು ದಿನ ಹಿಮದಡಿಯಲ್ಲಿ ಬದುಕಿದ್ದನ್ನು ಪವಾಡ ಅಂತ ಎಲ್ಲರೂ ನೆನೆಸಿಕೊಳ್ಳುತ್ತಾರೆ, ನೆನೆಸಿಕೊಳ್ಳಲಿ. ನನಗೆ ಮಾತ್ರ ಆ ಆರು ದಿನಕ್ಕಿಂತ ಈ ಹತ್ತು ವರ್ಷವೇ ದೊಡ್ಡದಾಗಿ ಕಾಣುತ್ತದೆ.

ನಮ್ಮ ಜೊತೆಗೆ ಒಬ್ಬ ಹುಡುಗನಿದ್ದ. ಹೆಸರು ಬೇಡ. 24 ವರ್ಷ. ಒಂದು ರಾತ್ರಿ ಕೆಮ್ಮು ಶುರುವಾಯಿತು, ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆ ಎತ್ತರದಲ್ಲಿ ಇದು ಬರುವುದುಂಟು. ಆಮ್ಲಜನಕ ಕೊಟ್ಟು ತಕ್ಷಣ ಕೆಳಗಿಳಿಸಬೇಕು, ಅದೇ ಮುಖ್ಯ ದಾರಿ. ಆದರೆ ಹೊರಗೆ ಹಿಮಗಾಳಿ, ಹೆಲಿಕಾಪ್ಟರ್ ಏಳುವ ಹಾಗಿರಲಿಲ್ಲ. ಬೆಳಗಿನವರೆಗೂ ಅವನ ಕೈ ಹಿಡಿದುಕೊಂಡು ಕೂತಿದ್ದೆ.

ಅವನ ಊರಿನಲ್ಲೂ ಯಾರೋ ಅವನ ತಾಯಿಯನ್ನು ಕೇಳಿದರಂತೆ, "ಯುದ್ಧದಲ್ಲಾ, ಕಾಯಿಲೆಯಲ್ಲಾ?" ಅಂತ. ನನಗೆ ಈ ಪ್ರಶ್ನೆ ಕಂಡರೆ ಆಗದಿರುವುದಕ್ಕೆ ಇದೂ ಒಂದು ಕಾರಣ.

ವರ್ಷಕ್ಕೊಮ್ಮೆ ಆ ತಾಯಿಗೆ ಫೋನ್ ಮಾಡುತ್ತೇನೆ. ಅವನು ಹೇಗೆ ಹೋದ ಅಂತ ಅವರು ಒಂದು ಸಲವೂ ಕೇಳಿಲ್ಲ. ಕೇಳುವುದು ಒಂದೇ: "ಅಲ್ಲಿ ಊಟ ಸರಿಯಾಗಿ ಮಾಡ್ತಿದ್ದನೇನಪ್ಪಾ?"

ಆ ಎತ್ತರದಲ್ಲಿ ಹಸಿವೇ ಆಗುವುದಿಲ್ಲ. ಡಬ್ಬಿಯ ಊಟದ ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ, ಅವನಂತೂ ಎರಡು ತುತ್ತು ತಿಂದು ತಟ್ಟೆ ತಳ್ಳುತ್ತಿದ್ದ.

"ಮಾಡ್ತಿದ್ದ ಕಣವ್ವಾ, ಹೊಟ್ಟೆ ತುಂಬಾ ಮಾಡ್ತಿದ್ದ" ಅನ್ನುತ್ತೇನೆ.